ಮಾವು, ಸಾಗವಾನಿ, ಬೇವು

ಬಸವಕಲ್ಯಾಣದ ಕೋಟೆಯ ಹಿಂದಿನ ಓಣಿಯಲ್ಲಿದ್ದ ನಮ್ಮ ಮನೆಗೆ ಎರಡೇ ಕೋಣೆ. ಹಿಂದಿನದು ಅವ್ವನದು, ಮುಂದಿನದು ಕಟ್ಟಿಗೆಯದು. ಬಂದವರನ್ನು ಕೂರಿಸಲು ಜಾಗವಿರಲಿಲ್ಲ. ಗೋಡೆಗೆ ಒರಗಿಸಿದ ಹಲಗೆಗಳ ನಡುವೆ ಮಣೆ ಹಾಕಿ, ಬಟ್ಟೆಗೆ ಹೊಟ್ಟು ಹತ್ತೀತು ಎಂದು ಅವ್ವ ಮೊದಲೇ ಎಚ್ಚರಿಸುತ್ತಿದ್ದಳು. ಆ ಹೊಟ್ಟು ನಮ್ಮ ಹಾಸಿಗೆಯಲ್ಲಿರುತ್ತಿತ್ತು, ಕೂದಲಲ್ಲಿರುತ್ತಿತ್ತು, ಗಾಳಿ ಬೀಸಿದ ದಿನ ಬೇಳೆಯಲ್ಲೂ ತೇಲುತ್ತಿತ್ತು. ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗಿ ನನ್ನ ಜಡೆ ಮೂಸಿ, ನಿನ್ನೆ ನಿಮ್ಮಪ್ಪ ಬೇವು ಕೊಯ್ದಿದ್ದಾನೋ ಸಾಗವಾನಿ ಕೊಯ್ದಿದ್ದಾನೋ ಎಂದು ಹೇಳಿಬಿಡುತ್ತಿದ್ದಳು. ಅವಳ ಮಾತು ತಪ್ಪಿದ್ದು ನನಗೆ ನೆನಪಿಲ್ಲ. ನನಗೆ ಅದರಿಂದ ಅವಮಾನವೇನೂ ಆಗುತ್ತಿರಲಿಲ್ಲ. ನಾನೂ ಮನೆಯಲ್ಲಿ ಕಣ್ಣು ಮುಚ್ಚಿಕೊಂಡು, ಅಪ್ಪ ಬೆರಳಿನ ಗೆಣ್ಣಿನಿಂದ ಬಡಿದ ಹಲಗೆ ಯಾವ ಮರದ್ದೆಂದು ಹೇಳಬಲ್ಲವಳಾಗಿದ್ದೆ.

ಅಪ್ಪ ಹುಟ್ಟಿದ್ದು ಬಡಗಿಯರ ಮನೆಯಲ್ಲಲ್ಲ. ಅಜ್ಜ ಕೊಡಂಬಲದಲ್ಲಿ ಜೀವನವಿಡೀ ಬೇರೆಯವರ ಹೊಲದಲ್ಲಿ ದುಡಿದವನು. ಅಪ್ಪ ಮೀಸೆ ಮೂಡುವ ಮೊದಲೇ ಬಸವಕಲ್ಯಾಣಕ್ಕೆ ಬಂದು ಕಟ್ಟಿಗೆ ಅಡ್ಡೆಯೊಂದರಲ್ಲಿ ದಿಮ್ಮಿ ಹೊರಲು ನಿಂತ. ಹೊರುತ್ತ ಹೊರುತ್ತ ಕೊಯ್ಯುವ ಮಷೀನಿನ ಮುಂದಕ್ಕೆ ಬಂದ. ಮಷೀನಿನ ಮುಂದೆ ನಿಂತೇ, ಊಟದ ಬಿಡುವಿನಲ್ಲಿ ಹಳೆಯ ಮಿಸ್ತ್ರಿಯೊಬ್ಬರ ಕೈ ನೋಡಿ ನೋಡಿ, ಉಳಿ ಮತ್ತು ಹಲಗೆ ನಯಮಾಡುವ ರಂದಾ ಹಿಡಿಯುವುದನ್ನು ಕಲಿತ. ಬೆಳಗಿನಿಂದ ಮಧ್ಯಾಹ್ನದವರೆಗೆ ಅಡ್ಡೆಯ ಕೆಲಸ, ಆಮೇಲೆ ಮನೆಯಲ್ಲಿ ತನ್ನದೇ ಕೆಲಸ. ತೊಟ್ಟಿಲು, ಮಣೆ, ಬಾಗಿಲ ಚೌಕಟ್ಟು, ಭಜನೆಯವರಿಗೆ ಏಕತಾರಿ. ಅವನ ಕೈ ಚೊಕ್ಕವಾಗಿತ್ತು. ಆದರೂ ಹೊಸಬರು ಕೆಲಸ ಹೇಳಲು ಬಂದಾಗ ಮೊದಲು ಗೋಡೆಯ ಮೇಲಿನ ಬುದ್ಧನ ಪಟ ನೋಡಿ, ಆಮೇಲೆ ಅಪ್ಪನ ಮುಖ ನೋಡಿ, ವಿಚಾರ ಮಾಡಿ ಬರುತ್ತೇವೆಂದು ಹೋಗುವುದಿತ್ತು. ಅವರು ಹೋದ ಮೇಲೆ ಅಪ್ಪ ಸುಮ್ಮನೆ ರಂದಾ ಎಳೆಯುತ್ತಿದ್ದ. ಸುರುಳಿ ಸುರುಳಿಯಾಗಿ ಬಿದ್ದ ಸಿಪ್ಪೆಯನ್ನು ಅವ್ವ ಒಲೆಗೆ ಬಳಿದುಕೊಂಡು ಹೋಗುತ್ತಿದ್ದಳು.

ಮುಂಜಾನೆ ಚಹಾ ಕುಡಿದ ಮೇಲೆ ಹಲಗೆಗಳನ್ನು ಒಂದೊಂದಾಗಿ ಬಡಿದು ನೋಡುವುದು ಅಪ್ಪನ ರೂಢಿ. ಎರಡು ಬೆರಳಲ್ಲಿ ಹಲಗೆಯನ್ನು ಮೇಲ್ತುದಿಯ ಹತ್ತಿರ ಹಿಡಿದು ತೂಗುಬಿಟ್ಟು, ಗೆಣ್ಣಿನಿಂದ ನಡುವೆ ಒಂದು ಏಟು. ಒಣಗಿದ ಕಟ್ಟಿಗೆ ಮಾತಾಡುತ್ತದೆ, ಹಸಿ ಕಟ್ಟಿಗೆ ಗುಟುಕರಿಸುತ್ತದೆ ಎನ್ನುತ್ತಿದ್ದ. ನಾನು ಆರನೆಯ ಇಯತ್ತೆಯಲ್ಲಿದ್ದಾಗ ಆ ರೂಢಿಯಲ್ಲಿ ಒಂದು ಬದಲಾವಣೆ ಕಂಡೆ. ಅಪ್ಪ ಹಲಗೆಯನ್ನು ಬಡಿದು ಅದರ ಅಂಚನ್ನು ದವಡೆಗೆ ಒತ್ತಿಕೊಳ್ಳುತ್ತಿದ್ದ. ಹಿಂದಿನಿಂದ ಕರೆದರೆ ತಿರುಗುತ್ತಲೂ ಇರಲಿಲ್ಲ. ಅದೇ ದಿನಗಳಲ್ಲಿ ಒಂದು ಹುಣ್ಣಿಮೆಯ ಸಂಜೆ, ಬುದ್ಧನ ಪಟದ ಮುಂದೆ ಮೇಣದಬತ್ತಿ ಹಚ್ಚಿ ಮೂವರೂ ವಂದನೆ ಹೇಳುತ್ತಿದ್ದೆವು. ಅವ್ವನೂ ನಾನೂ ಸಾಲು ಮುಗಿಸಿ ಸುಮ್ಮನಾದೆವು. ಅಪ್ಪ ಕಣ್ಣು ಮುಚ್ಚಿಕೊಂಡು ಇನ್ನೂ ಹಿಂದಿನ ಸಾಲಿನಲ್ಲೇ ಇದ್ದ. ನಮ್ಮ ದನಿ ನಿಂತದ್ದು ಅವನಿಗೆ ತಿಳಿದಿರಲಿಲ್ಲ. ಭಕ್ತಿ ಹೆಚ್ಚಾಗಿದೆ ಎಂದುಕೊಂಡಳೋ ಏನೋ, ಅವ್ವ ನಕ್ಕಳು. ನನಗೆ ಮಾತ್ರ ನಗು ಬರಲಿಲ್ಲ.

ಮರುದಿನ ಅಪ್ಪ ನನ್ನನ್ನು ಹತ್ತಿರ ಕರೆದು, ಎದುರಿಗೆ ಕೂರಿಸಿಕೊಂಡು, ತಾನೇ ಹೇಳಿದ. ಮಷೀನಿನ ಶಬ್ದ ಎಡಗಿವಿಯನ್ನು ಪೂರಾ ತಿಂದಿತ್ತು, ಬಲಗಿವಿಯಲ್ಲಿ ಚೂರು ಉಳಿದಿತ್ತು. ಮುಖ ನೋಡಿದರೆ ಮಾತು ತಿಳಿಯುತ್ತದೆ, ಕಟ್ಟಿಗೆಗೆ ಮುಖವಿಲ್ಲವಲ್ಲ, ಅದಕ್ಕೇ ಅದರ ನಡುಕವನ್ನು ದವಡೆಯಿಂದ ಹಿಡಿಯುತ್ತೇನೆ ಎಂದು ನಗಲು ನೋಡಿದ.

"ಯಾರ ಮುಂದೂ ಹೇಳಬ್ಯಾಡ ಸುಜಾ. ನಿಮ್ಮವ್ವನ ಮುಂದೂ ಬ್ಯಾಡ. ನಾನು ಬಡಗಿ ಅನ್ನೋದ ಮಂದಿಗಿ ಅರ್ಧ ನಂಬಿಗಿ. ಅದರಾಗ ಕಿವುಡ ಅಂದ್ರ ಪೂರಾ ಹೋತು. ಇನ್ನ ಮ್ಯಾಲ ನಾ ಬಡಿತೀನಿ, ನೀ ಕೇಳು. ಅವಾಜ ಹ್ಯಾಂಗದ ಅಂತ ನನಗ ಹೇಳು."

ಹೀಗೆ ನಾನು ಅಪ್ಪನ ಕಿವಿಯಾದೆ. ಆ ಕೆಲಸಕ್ಕೆ ನನ್ನ ಹತ್ತಿರ ಮಾತುಗಳಿರಲಿಲ್ಲ. ಚಲೋ, ಕೆಟ್ಟ ಎಂದರೆ ಅಪ್ಪನಿಗೆ ಸಾಲುತ್ತಿರಲಿಲ್ಲ. ಹ್ಯಾಂಗ ಚಲೋ, ಎಷ್ಟೊತ್ತು ನಿಂತಿತು, ಎಲ್ಲಿ ಹೋಗಿ ಸತ್ತಿತು ಎಂದು ಮುಖವನ್ನೇ ದಿಟ್ಟಿಸುತ್ತಿದ್ದ. ಆದ್ದರಿಂದ ನಾನು ಅವ್ವನ ಕೋಣೆಯಿಂದ ಮಾತು ತಂದೆ. ಒಣ ಸಾಗವಾನಿ ಕಂಚಿನ ತಾಟಿಗೆ ಚಮಚ ತಾಗಿದ ಹಾಗೆ, ಮಾವು ಅವ್ವ ಕಲ್ಲಿನ ಮೇಲೆ ರೊಟ್ಟಿ ಬಡಿದ ಹಾಗೆ, ಬೇವು ನೀರು ತುಂಬಿದ ಗಡಿಗೆಯ ಹಾಗೆ. ಅಪ್ಪನಿಗೆ ತಾಟೂ ಗೊತ್ತು, ರೊಟ್ಟಿಯೂ ಗೊತ್ತು, ಗಡಿಗೆಯೂ ಗೊತ್ತು. ತಲೆಯಾಡಿಸಿ ಪೆನ್ಸಿಲಿನಿಂದ ಹಲಗೆಯ ಮೇಲೆ ಗುರುತು ಹಾಕುತ್ತಿದ್ದ. ಅವನು ಹಾಗೆ ನನ್ನ ಮಾತನ್ನು ನಂಬಿ ಗುರುತು ಹಾಕುವಾಗ ನನಗೆ ಬರುತ್ತಿದ್ದ ಹೆಮ್ಮೆ ಪರೀಕ್ಷೆಯಲ್ಲಿ ಮೊದಲು ಬಂದಾಗಲೂ ಬರಲಿಲ್ಲ.

ಆದರೆ ಆ ಗುಟ್ಟು ಮನೆಯಲ್ಲಿ ಜಗಳ ತಂದಿತು. ಅವ್ವನ ಒಲೆ ಗೋಡೆಗೆ ಮುಖ ಮಾಡಿತ್ತು. ರೊಟ್ಟಿ ಬಡಿಯುತ್ತಲೇ ಅವಳು ಹಿಂದೆ ಉಣ್ಣಲು ಕುಳಿತ ಅಪ್ಪನ ಜೊತೆ ಮಾತಾಡುವುದು. ಓಣಿಯ ಸುದ್ದಿ, ತವರಿನ ಸುದ್ದಿ, ತನ್ನ ಮೊಣಕಾಲು ನೋವು. ಅಪ್ಪ ಪುಂಡಿಪಲ್ಯದಲ್ಲಿ ರೊಟ್ಟಿ ಅದ್ದಿಕೊಂಡು ಸುಮ್ಮನೆ ಉಣ್ಣುತ್ತಿದ್ದ. ಅವಳು ಕಾದು, ಮತ್ತೊಮ್ಮೆ ಹೇಳಿ, ಕೊನೆಗೆ ರೊಟ್ಟಿಯನ್ನು ತಾಟಿಗೆ ಎಸೆಯುತ್ತಿದ್ದಳು. ಆಗ ಅಪ್ಪ ಬೆಚ್ಚಿ ತಲೆಯೆತ್ತಿ, ಯಾವುದೋ ಪ್ರಶ್ನೆಗೆ ಯಾವುದೋ ಉತ್ತರ ಕೊಡುತ್ತಿದ್ದ. ತನ್ನ ಮಾತಿಗೆ ಈ ಮನೆಯಲ್ಲಿ ಕಿಮ್ಮತ್ತಿಲ್ಲ ಎಂದು ಅವಳು ನನ್ನ ಮುಂದೆ ಎಷ್ಟೋ ಸಲ ಅತ್ತಿದ್ದಾಳೆ. ನಾನು ಅವಳ ಕಣ್ಣೊರೆಸಿದ್ದೇನೆ. ಕಾರಣ ಮಾತ್ರ ಹೇಳಲಿಲ್ಲ. ಒಬ್ಬರಿಗೆ ನಿಷ್ಠಳಾಗಿರುವುದೆಂದರೆ ಇನ್ನೊಬ್ಬರಿಗೆ ಮೋಸ ಮಾಡುವುದು ಎಂಬುದನ್ನು ಆ ವಯಸ್ಸಿನಲ್ಲಿ ಹೆಸರಿಟ್ಟು ತಿಳಿಯದಿದ್ದರೂ, ಅದರ ಭಾರ ಗೊತ್ತಿತ್ತು.

ಹೀಗೆ ಸುಮಾರು ಎರಡು ವರ್ಷ ಕಳೆದ ಮೇಲೆ, ಹುಮನಾಬಾದಿನ ಒಂದು ಶಾಲೆಯಲ್ಲಿ ಹಾಡು ಕಲಿಸುತ್ತಿದ್ದ ಲೀಲಾ ಟೀಚರ್ ನಮ್ಮ ಮನೆಗೆ ಬಂದರು. ಏಕತಾರಿ ಮಾಡುವ ಮಿಸ್ತ್ರಿ ಇದ್ದಾನೆಂದು ಯಾರೋ ಹೇಳಿದ್ದರಂತೆ. ಅವರ ಚೀಲದಲ್ಲಿ ಗಿಟಾರಿನ ಮರಿಯಂಥ ಒಂದು ವಾದ್ಯವಿತ್ತು, ಬೆನ್ನು ಸೀಳಿತ್ತು. ಅದರ ಹೆಸರು ಯುಕುಲೇಲೆ ಎಂದರು. ನಾಲ್ಕು ತಂತಿ, ಅದೂ ಲೋಹದ್ದಲ್ಲ, ನೈಲಾನಿನದು. ಮಕ್ಕಳ ಬೆರಳಿಗೆ ನೋವಾಗುವುದಿಲ್ಲ, ಎತ್ತಿ ಹಿಡಿಯಲು ಹಗುರ. ಅವ್ವ ಅದನ್ನು ಒಮ್ಮೆ ಎತ್ತಿ ನೋಡಿ 'ಕೂಸಿನ ಗಿಟಾರ' ಎಂದು ಹೆಸರಿಟ್ಟಳು, ನಮ್ಮ ಮನೆಯಲ್ಲಿ ಅದೇ ಹೆಸರು ಉಳಿಯಿತು. ಅಪ್ಪ ಬೆನ್ನನ್ನು ಸರೇಸಿನ ಅಂಟು ಹಚ್ಚಿ ಕೂಡಿಸಿದ. ವಾರದ ಮೇಲೆ ಒಯ್ಯಲು ಬಂದ ಟೀಚರ್ ಸೀಳು ಎಲ್ಲಿತ್ತೆಂದು ಹುಡುಕಿದರು, ಸಿಗಲಿಲ್ಲ. ಇಂಥವು ಎಂಟು ಮಾಡಿಕೊಡಲು ಆಗುತ್ತದೆಯೇ ಎಂದು ಕೇಳಿದರು. ಅಪ್ಪ ಅವರ ತುಟಿ ನೋಡಿ, ಎಂಟಕ್ಕಿಂತ ಮೊದಲು ಮೂರು ಮಾಡುತ್ತೇನೆ, ಮೂರು ಮರದಲ್ಲಿ, ನಿಮಗೆ ಯಾವ ಮರದ ದನಿ ಹಿಡಿಸುತ್ತದೋ ಅದರಲ್ಲಿ ಎಂಟು ಮಾಡೋಣ ಎಂದ. ಟೀಚರ್ ಹೋಗುವ ಮುನ್ನ ನಾಲ್ಕು ತಂತಿಗಳ ನಾಲ್ಕು ಸ್ವರಗಳನ್ನು ಹಾಡಿ ತೋರಿಸಿದರು. ನಾನು ಅದನ್ನು ಪಾಠದ ಹಾಗೆ ದಿನವೂ ಗುನುಗಿ ಉಳಿಸಿಕೊಂಡೆ.

ಮಾವಿನದು ಅಡ್ಡೆಯಲ್ಲಿ ಉಳಿದ ತುಂಡು, ಪೆಟ್ಟಿಗೆ ಮಾಡಲು ತಂದದ್ದು. ಬೇವು ಕೊಡಂಬಲದಿಂದ ಬಂದದ್ದು, ಅಜ್ಜನ ಮನೆಯ ಮುಂದೆ ಗಾಳಿಗೆ ಬಿದ್ದ ಮರದ್ದು. ಸಾಗವಾನಿಯ ಮಾತೇ ಬೇರೆ. ಊರಿನ ಹಳೆಯ ವಾಡೆಯೊಂದನ್ನು ಕೆಡವಿದಾಗ ಸಿಕ್ಕ ತೊಲೆಯ ತುಂಡು ಅದು. ಎಷ್ಟು ತಲೆಮಾರು ಕಂಡಿತ್ತೋ, ಎಣ್ಣೆ ಕುಡಿದ ಹಾಗೆ ಕಪ್ಪಗೆ ಹೊಳೆಯುತ್ತಿತ್ತು. ಅಪ್ಪ ಅದನ್ನು ಎಷ್ಟೋ ವರ್ಷ ಮಂಚದ ಕೆಳಗೆ ಗೋಣಿಚೀಲದಲ್ಲಿ ಸುತ್ತಿಟ್ಟಿದ್ದ. ತೊಟ್ಟಿಲಿಗೆ ಕೇಳಿದವರಿಗೂ ಕೊಟ್ಟಿರಲಿಲ್ಲ, ಅವ್ವ ಗೋಡೆಯ ಗೂಡಿಗೆ ಬಾಗಿಲು ಮಾಡಿಕೊಡಿ ಎಂದಾಗಲೂ ತೆಗೆದಿರಲಿಲ್ಲ. ಈಗ ತಾನಾಗಿಯೇ ಹೊರಗೆಳೆದ. ಬಡಿದು ತೋರಿಸಿದ. ನಾನು ಉಸಿರು ಹಿಡಿದು ಕೇಳಿದೆ. ಅಷ್ಟು ಹೊತ್ತು ನಿಂತ ದನಿಯನ್ನು ನಾನು ಯಾವ ಕಟ್ಟಿಗೆಯಲ್ಲೂ ಕೇಳಿರಲಿಲ್ಲ. ಅದನ್ನೇ ಹೇಳಿದೆ. ಅಪ್ಪನ ಮುಖ ಅರಳಿತು. ಅದು ಸುಳ್ಳಲ್ಲ. ಸುಳ್ಳು ಬಂದದ್ದು ಆಮೇಲೆ.

ಎರಡು ತಿಂಗಳು ನಮ್ಮ ಎರಡೂ ಕೋಣೆಗಳು ಒಂದಾದವು. ವಾದ್ಯದ ಮಗ್ಗುಲಿನ ತೆಳು ಪಟ್ಟಿಗಳನ್ನು ನೆನೆಸಿ, ಕಾದ ಕಬ್ಬಿಣದ ಕೊಳವೆಗೆ ಒತ್ತಿ ಬಗ್ಗಿಸಬೇಕು. ಕೊಳವೆ ಕಾಯುವುದು ಅವ್ವನ ಒಲೆಯಲ್ಲಿ. ರೊಟ್ಟಿಯ ಹೊತ್ತಿಗೆ ಸರಿಯಾಗಿ ಅಪ್ಪ ಕೊಳವೆ ಹಿಡಿದು ಬರುತ್ತಿದ್ದ. ಒಲೆ ನನ್ನದೋ ನಿಮ್ಮದೋ ಎಂದು ಅವ್ವ ಬೆನ್ನು ತಿರುಗಿಸಿಕೊಂಡೇ ಕೇಳುತ್ತಿದ್ದಳು, ಅಪ್ಪ ಅದಕ್ಕೂ ಉತ್ತರ ಕೊಡುತ್ತಿರಲಿಲ್ಲ, ಅವಳ ಸಿಟ್ಟು ಇನ್ನೊಂದು ಗೇಣು ಏರುತ್ತಿತ್ತು. ಹಸಿ ಕಟ್ಟಿಗೆಯ ಆವಿಗೆ ಬೇವಿನ ದಿನ ರೊಟ್ಟಿಯೂ ಕಹಿಯೆನಿಸಿತು. ತಂತಿಗೆ ಮೀನು ಹಿಡಿಯುವ ಗಾಳದ ನೈಲಾನ್ ದಾರ ತಂದೆವು. ಕೊರಳಿನ ಮೇಲಿನ ಅಡ್ಡಗೀಟುಗಳಿಗೆ ಹಿತ್ತಾಳೆ ತಂತಿ ಬಡಿದು ಕೂರಿಸಿದ. ಬೇವಿನದು ಮೊದಲು ಮುಗಿಯಿತು. ಗಂಟಲು ಕಟ್ಟಿದವರ ಹಾಗೆ ಮಾತಾಡುತ್ತದೆ ಎಂದು ಹೇಳಿದೆ, ಅಪ್ಪ ನಕ್ಕು ಪಕ್ಕಕ್ಕಿಟ್ಟ. ಮಾವಿನದು ಎರಡನೆಯದು. ಅದರ ತುಂಡಿನಲ್ಲಿ ಒಂದು ಬಿರುಕಿದ್ದದ್ದರಿಂದ, ಬಿರುಕು ಹೋಗುವವರೆಗೆ ಕೆತ್ತಿ ಕೆತ್ತಿ ಮೇಲ್ಹಲಗೆ ಹಪ್ಪಳದಷ್ಟು ತೆಳ್ಳಗಾಗಿತ್ತು. ಮೀಟಿದರೆ ಮನೆಯ ಮೂಲೆಯವರೆಗೂ ದನಿ ತುಂಬಿತು. ಅವ್ವ ಕೂಡ ಒಲೆಯಿಂದ ತಿರುಗಿ ನೋಡಿದಳು.

ಸಾಗವಾನಿಯದು ಕೊನೆಗೆ. ಅದಕ್ಕೆ ಅಪ್ಪ ಮೂರು ವಾರ ಕೊಟ್ಟ. ಅಂಚಿಗೆ ಹೂಬಳ್ಳಿ ಕೊರೆದ, ಎಣ್ಣೆ ಬಟ್ಟೆಯಿಂದ ಉಜ್ಜಿ ಉಜ್ಜಿ ಕನ್ನಡಿ ಮಾಡಿದ. ಒಂದು ರವಿವಾರ ಮಧ್ಯಾಹ್ನ ತಂತಿ ಕಟ್ಟಿ, ನಾನು ಗುನುಗಿ ಸ್ವರ ಕೂಡಿಸಿದ ಮೇಲೆ, ನನ್ನ ಮುಂದೆ ಕೂತು ನಾಲ್ಕೂ ತಂತಿಗಳನ್ನು ಒಮ್ಮೆಗೇ ಎಳೆದ. ಬಾಯಿಗೆ ಸೆರಗು ಒತ್ತಿಕೊಂಡು ಮಾತಾಡಿದ ಹಾಗೆ ಕೇಳಿಸಿತು. ಇನ್ನೊಮ್ಮೆ ಎಳೆದ. ಹಾಗೆಯೇ. ಹಲಗೆಯಾಗಿದ್ದಾಗ ಅಷ್ಟು ಹೊತ್ತು ನಿಂತಿದ್ದ ದನಿ ಎಲ್ಲಿ ಹೋಯಿತೆಂದು ನನಗೆ ತಿಳಿಯಲಿಲ್ಲ. ಅಪ್ಪ ನನ್ನ ತುಟಿಗಳನ್ನು ನೋಡುತ್ತಿದ್ದ. ಹಬ್ಬಕ್ಕೆ ಹೊಸ ಅಂಗಿ ತೊಟ್ಟು ಹೇಗಿದೆ ಎಂದು ಕೇಳುವ ಮಕ್ಕಳ ಮುಖದ ಹಾಗಿತ್ತು ಅವನ ಮುಖ.

"ಇದೇ ಚಲೋ ಅದ ಅಪ್ಪಾ," ಎಂದೆ. "ಎಲ್ಲಾದ್ರಕಿಂತ."

ಅವನು ಕೇಳಿದ ವಿವರಗಳನ್ನೆಲ್ಲ ಕೊಟ್ಟೆ. ಕಂಚಿನ ತಾಟು ಎಂದೆ, ಬಹಳ ಹೊತ್ತು ನಿಲ್ಲುತ್ತದೆ ಎಂದೆ. ಒಂದು ಸಲ ಬಾಯಿ ಬಿಟ್ಟ ಮೇಲೆ ಸುಳ್ಳಿಗೆ ನನ್ನ ಹತ್ತಿರ ಮಾತಿನ ಕೊರತೆಯಾಗಲಿಲ್ಲ. ಅಂದು ಅಪ್ಪ ಎರಡು ರೊಟ್ಟಿ ಹೆಚ್ಚು ಉಂಡ.

ಮುಂದಿನ ವಾರ ಮೂರನ್ನೂ ಹಳೆಯ ಚಾದರದಲ್ಲಿ ಸುತ್ತಿಕೊಂಡು ಹುಮನಾಬಾದಿಗೆ ಬಸ್ಸಿನಲ್ಲಿ ಹೋದೆವು. ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಶಾಲೆಯ ಉದ್ದನೆಯ ಕೋಣೆಯಲ್ಲಿ ಜಮಖಾನೆಯ ಮೇಲೆ ಮೂವತ್ತರಷ್ಟು ಮಕ್ಕಳು ಕೂತಿದ್ದರು. ಅಪ್ಪ ಮೂರನ್ನೂ ಮೇಜಿನ ಮೇಲಿಟ್ಟು, ಸಾಗವಾನಿಯದನ್ನು ತುಸು ಮುಂದೆ ಸರಿಸಿ, ನಾನು ಹೇಳಿದ ಮಾತುಗಳನ್ನೇ ಹೇಳಿದ. ಇದರ ದನಿಗೆ ಸಾಟಿಯಿಲ್ಲ, ಬೇಕಾದರೆ ಬಾರಿಸಿ ನೋಡಿರಿ, ನನ್ನ ಮಾತು ಸುಳ್ಳಾದರೆ ಕೆಲಸ ಬಿಡುತ್ತೇನೆ ಎಂದುಬಿಟ್ಟ. ಲೀಲಾ ಟೀಚರ್ ಸಾಗವಾನಿಯ ಹೂಬಳ್ಳಿಯ ಮೇಲೆ ಬೆರಳಾಡಿಸಿ, ಇಷ್ಟು ಚಂದದ್ದನ್ನು ನೋಡಿದರೆ ಯಾರಿಗಾದರೂ ಇದೇ ಬೇಕೆನಿಸುತ್ತದೆ, ಅದಕ್ಕೇ ನೋಡದೆ ಕೇಳೋಣ ಎಂದರು. ಮಕ್ಕಳನ್ನೆಲ್ಲ ಹಿಂದಕ್ಕೆ ತಿರುಗಿಸಿ ಗೋಡೆಗೆ ಮುಖ ಮಾಡಿ ಕೂರಿಸಿದರು. ನನಗೂ ಅವರ ಸಾಲಿನಲ್ಲಿ ಕೂರಲು ಹೇಳಿದರು. ಮೂರರಲ್ಲೂ ಒಂದೇ ಹಾಡಿನ ಒಂದೇ ಸಾಲು ಬಾರಿಸುತ್ತೇನೆ, ಹಿಡಿಸಿದ್ದಕ್ಕೆ ಕೈ ಎತ್ತಿರಿ, ಒಂದಕ್ಕೆ ಮಾತ್ರ ಎಂದರು.

ಮೊದಲು ಬೇವು ಬಂತು. ಆಮೇಲೆ ಮಾವು. ಆಮೇಲೆ ಸಾಗವಾನಿ. ನೋಡದೆಯೇ ನನಗೆ ಮೂರೂ ಗೊತ್ತು. ನಿಜವಾಗಿ ಕೇಳಲು ಬಂದವರ ನಡುವೆ ಕೂತಾಗ ಮಾವಿಗೂ ಸಾಗವಾನಿಗೂ ಇದ್ದ ಅಂತರ ಮನೆಯಲ್ಲಿ ಕೇಳಿದ್ದಕ್ಕಿಂತ ದೊಡ್ಡದಾಗಿ ಕೇಳಿಸಿತು. ಬೇವಿಗೆ ಯಾರೋ ಇಬ್ಬರು ಎತ್ತಿದರು. ಎರಡನೆಯದಕ್ಕೆ ಎಂದಾಗ ನನ್ನ ಅಕ್ಕಪಕ್ಕದಲ್ಲಿ ಅಂಗಿಗಳು ಸರಸರ ಸದ್ದು ಮಾಡಿದವು. ಓರೆಗಣ್ಣಿನಲ್ಲಿ ನೋಡಿದರೆ ಉಳಿದೆಲ್ಲ ಕೈಗಳೂ ಮೇಲಿದ್ದವು. ನನ್ನ ಕೈ ತೊಡೆಯ ಮೇಲಿತ್ತು. ಅಪ್ಪ ಹಿಂದೆ ನಿಂತಿದ್ದಾನೆ, ನೋಡುತ್ತಿದ್ದಾನೆ. ಮೂರನೆಯದಕ್ಕೆ ಎಂದು ಟೀಚರ್ ಕೇಳಿದಾಗ ನಾನು ಕೈ ಎತ್ತಿದೆ. ಆ ಕೋಣೆಯಲ್ಲಿ ಎದ್ದದ್ದು ನನ್ನ ಕೈಯೊಂದೇ.

ತಿರುಗಿ ನೋಡಿದಾಗ ಅಪ್ಪ ಮೇಜಿನ ಕಡೆ ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದ. ಅವನಿಗೆ ಯಾವ ದನಿಯೂ ಕೇಳಿಸಿರಲಿಲ್ಲ, ಕೈಗಳು ಕಂಡಿದ್ದವು, ಅಷ್ಟು ಸಾಕಾಗಿತ್ತು. ಲೀಲಾ ಟೀಚರ್ ಒಳ್ಳೆಯವರು. ಕೆಲಸ ಬಿಡುತ್ತೇನೆಂದ ಅಪ್ಪನ ಮಾತನ್ನು ಎತ್ತಿ ಆಡಲಿಲ್ಲ. ಮಾವಿನಲ್ಲೇ ಎಂಟು ಮಾಡಿಕೊಡಿರಿ ಎಂದು ಮೆಲ್ಲಗೆ ಹೇಳಿ, ಚಹಾ ತರಿಸಿದರು. ಅಪ್ಪ ಚಹಾ ಕುಡಿದ. ಮೂರನ್ನೂ ಮತ್ತೆ ಚಾದರದಲ್ಲಿ ಸುತ್ತಿಕೊಂಡ.

ಬಸ್ಸಿನಲ್ಲಿ ಅವನ ಬಲಗಡೆ ಕೂತೆ. ಹೆದ್ದಾರಿಯ ಮೇಲೆ ಇಂಜಿನ್ನಿನ ಗದ್ದಲಕ್ಕೆ ತನ್ನ ದನಿಯ ಅಂದಾಜು ಅವನಿಗೆ ಸಿಗಲಿಲ್ಲವೆಂದು ಕಾಣುತ್ತದೆ. ಗುಟ್ಟಾಗಿ ಕೇಳಬೇಕೆಂದಿದ್ದ ಮಾತು ಇಡೀ ಬಸ್ಸಿಗೆ ಕೇಳಿಸುವ ಹಾಗೆ ಹೊರಬಂತು.

"ನಿನಗ ಗೊತ್ತಿತ್ತೇನು?"

ಮುಂದಿನ ಸೀಟಿನವರು ತಿರುಗಿ ನೋಡಿದರು. ನಾನು ತಲೆಯಾಡಿಸಿದೆ. ಅಪ್ಪ ಕಿಟಕಿಯ ಕಡೆ ತಿರುಗಿಕೊಂಡ. ಬಸವಕಲ್ಯಾಣ ಬರುವವರೆಗೂ ತೊಗರಿ ಹೊಲಗಳನ್ನು ನೋಡುತ್ತ ಕೂತ. ಬಯ್ದಿದ್ದರೆ, ಒಂದು ಏಟು ಹೊಡೆದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಬಸ್ಸಿಳಿದು ಓಣಿಯ ತಿರುವಿನಲ್ಲಿ, ಗದ್ದಲವಿಲ್ಲದ ಜಾಗದಲ್ಲಿ, ಗಂಟು ಕೆಳಗಿಟ್ಟು ನನ್ನೆದುರು ಕುಕ್ಕರುಗಾಲಲ್ಲಿ ಕೂತ.

"ಯಾಕ ಹಂಗ ಹೇಳಿದಿ?"

"ನಿಮಗ ಬ್ಯಾಸರ ಆಗ್ತದಂತ."

"ಸುಜಾ, ಮಂದಿ ನನಗ ಸುಳ್ಳ ಹೇಳಿದ್ರ ಅವರ ಮಾರಿ ನೋಡಿ ತಿಳ್ಕೋತೀನಿ. ನಿನ್ನ ಮಾರಿ ನಾ ನೋಡಲಿಲ್ಲ, ಬರೇ ತುಟಿ ನೋಡಿದೆ. ನಂಬಿದ್ದೆ. ಮಷೀನ ಒಂದು ಕಿವಿ ತಿಂತು. ಉಳದಿದ್ದು ನೀ ತಿನಬ್ಯಾಡ."

ಅಷ್ಟೇ. ಆಮೇಲೆ ಆ ವಿಷಯ ಅವನು ಎತ್ತಲಿಲ್ಲ. ನಾನು ಅಲ್ಲೇ ಅತ್ತೆ. ಅತ್ತು ಮುಗಿಯುವವರೆಗೆ ಕಾದು, ಗಂಟನ್ನು ನನ್ನ ತಲೆಯ ಮೇಲೆ ಹೊರಿಸಿ, ನಡಿ ಎಂದ. ಮನೆಗೆ ಬಂದ ಮೇಲೆ ಅವನು ಮಾಡಿದ ಕೆಲಸ ನಾನು ಎಣಿಸಿರದೆ ಇದ್ದದ್ದು. ಅಂಗಿ ಬಿಚ್ಚದೆಯೇ ಒಳಕೋಣೆಗೆ ಹೋಗಿ, ಹಿಟ್ಟು ನಾದುತ್ತಿದ್ದ ಅವ್ವನ ಮುಂದೆ ಕೂತು, ತನಗೆ ಕಿವಿ ಕೇಳುವುದಿಲ್ಲ ಎಂದು ಹೇಳಿದ. ಸುಳ್ಳಿನ ಬುಡ ತನ್ನಲ್ಲೇ ಇತ್ತು ಎಂಬುದು ದಾರಿಯಲ್ಲಿ ಅವನಿಗೆ ಹೊಳೆದಿರಬೇಕು. ಮಗಳಿಗೆ ಮುಚ್ಚಿಡಲು ಕಲಿಸಿದವನು ತಾನೇ ತಾನೆ. ಅವ್ವನ ಕೈ ಹಿಟ್ಟಿನಲ್ಲೇ ನಿಂತಿತು. ಅವಳು ಮರುಗುತ್ತಾಳೆ ಎಂದುಕೊಂಡಿದ್ದೆ. ಅವಳಿಗೆ ಬಂದದ್ದು ಸಿಟ್ಟು.

"ಎರಡ ವರ್ಷ ನಾ ಗ್ವಾಡಿ ಜೋಡಿ ಮಾತಾಡಿದೆನ್ರಿ? ನನ್ನ ಮಾತು ಬ್ಯಾಡಾಗ್ಯಾವ ಅಂತ ತಿಳಕೊಂಡು ಸಾಯಾಕತ್ತಿದ್ದೆ. ಒಂದು ಮಾತು ಹೇಳಾಕ ಆಗಲಿಲ್ಲೇನು?" ಆಮೇಲೆ ನನ್ನ ಕಡೆ ತಿರುಗಿದಳು. "ನೀನರ ಹೇಳಬಾರದಿತ್ತೇನು? ನಾ ಅಳೂದು ನೋಡಕೋತ ಕುಂತಿದ್ದಿ."

ಅವಳು ನನ್ನ ಜೊತೆ ನಾಲ್ಕು ದಿನ ಮಾತಾಡಲಿಲ್ಲ. ಐದನೆಯ ದಿನ ನಾನು ಶಾಲೆಯಿಂದ ಬಂದಾಗ ಒಳಕೋಣೆಯಲ್ಲಿ ಮಣ್ಣಿನ ಒಲೆ ಒಡೆದು ಬಿದ್ದಿತ್ತು. ಅವ್ವ ಸೀರೆ ಎತ್ತಿ ಕಟ್ಟಿಕೊಂಡು, ಹೊಸ ಮಣ್ಣು ಕಲಸಿ, ಒಲೆಯನ್ನು ಬಾಗಿಲಿಗೆ ಮುಖಮಾಡಿ ಹಾಕುತ್ತಿದ್ದಳು. ಇನ್ನು ಮುಂದೆ ರೊಟ್ಟಿ ಬಡಿಯುವಾಗ ಅವಳ ಮುಖ ಉಣ್ಣುವವರಿಗೆ ಕಾಣಲಿತ್ತು. ಒಲೆ ಒಣಗುವವರೆಗೆ ಮೂರು ದಿನ ಹೊರಗೆ ಕಲ್ಲು ಹೂಡಿ ಅಡುಗೆ ಮಾಡಿದಳು. ಆ ಒಲೆಯ ಮುಂದೆ ಮೊದಲ ಸಲ ಉಣ್ಣಲು ಕೂತಾಗ ಅವಳು ಬಾಕಿ ಉಳಿದಿದ್ದ ಸುದ್ದಿಗಳನ್ನೆಲ್ಲ ಒಂದೇ ಊಟದಲ್ಲಿ ಹೇಳಿದಳು. ಯಾರದೋ ಮದುವೆ ನಿಂತದ್ದು, ಯಾರದೋ ಎಮ್ಮೆ ಸತ್ತದ್ದು, ತನ್ನ ಮೊಣಕಾಲು. ಅಪ್ಪ ಅವಳ ತುಟಿಯಿಂದ ಕಣ್ಣು ತೆಗೆಯದೆ ಕೇಳಿದ. ತಾಟಿನಲ್ಲಿ ರೊಟ್ಟಿ ತಣ್ಣಗಾಯಿತು.

ಸಾಗವಾನಿಯ ದನಿ ಸತ್ತದ್ದೇಕೆ ಎಂಬುದು ಅಪ್ಪನಿಗೆ ಹತ್ತಿದ ಹುಳು. ಒಂದು ದಿನ ಮಾವಿನದನ್ನೂ ಸಾಗವಾನಿಯದನ್ನೂ ತೊಡೆಯ ಮೇಲಿಟ್ಟುಕೊಂಡು, ನಡುವಿನ ತೂತಿನಲ್ಲಿ ಬೆರಳು ತೂರಿಸಿ ಮೇಲ್ಹಲಗೆಯನ್ನು ಚಿವುಟಿ ನೋಡಿದ. ಮಾವಿನದು ಹಪ್ಪಳ, ಸಾಗವಾನಿಯದು ರೊಟ್ಟಿ. ಬೆಲೆಬಾಳುವ ಕಟ್ಟಿಗೆ, ಎಲ್ಲಿ ಸೀಳೀತೋ ಎಂದು ಹೆದರಿ ಅದನ್ನು ದಪ್ಪಗೇ ಬಿಟ್ಟಿದ್ದ. ಇದು ಕಟ್ಟಿಗೆಯ ತಪ್ಪಲ್ಲ, ಅಂಜಿಕೆಯ ತಪ್ಪು ಎಂದ. ಗಾಜಿನ ಚೂರು ತಗೊಂಡು, ತಾನೇ ಕನ್ನಡಿ ಮಾಡಿದ್ದ ಮೈಯನ್ನು ಕೆರೆಯತೊಡಗಿದ. ಕೆರೆದು ಮೀಟುವನು, ನನ್ನ ಮುಖ ನೋಡುವನು. ಇನ್ನೂ ಸೆರಗು ಬಾಯಿಯಲ್ಲೇ ಇದೆ ಎಂದೆ. ಮತ್ತೆ ಕೆರೆದ. ಹಾಗೇ ಇದೆ ಎಂದೆ. ಒಮ್ಮೊಮ್ಮೆ ಕರುಣೆ ಬಂದು ಮಾತು ಸಿಹಿಮಾಡಬೇಕೆನಿಸುತ್ತಿತ್ತು, ನಾಲಿಗೆ ಕಚ್ಚಿ ಹಿಡಿಯುತ್ತಿದ್ದೆ. ಅವನು ಈಗ ತುಟಿಯನ್ನಷ್ಟೇ ನೋಡುತ್ತಿರಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಒಂದು ಎಳೆತಕ್ಕೆ ದನಿ ಬಾಯಿಬಿಟ್ಟಿತು. ಮಾವಿನ ಹಾಗಲ್ಲ. ಮಾವು ಎದುರಿಗೆ ಕೂತು ಮಾತಾಡುತ್ತದೆ, ಇದು ಆಚೆ ಕೋಣೆಯಿಂದ ಕರೆದ ಹಾಗೆ, ತಡವಾಗಿ ಬಂದು ತಡವಾಗಿ ಹೋಗುವಂಥದ್ದು. ಹಾಗೆಂದು ಹೇಳಿದೆ. ಅಪ್ಪ ಈ ಸಲ ನಂಬುವ ಮೊದಲು ನನ್ನ ಕಣ್ಣು ನೋಡಿದ. ಆ ನೋಟ ನನಗೆ ನೋವು ಕೊಟ್ಟಿತು. ಆದರೆ ಅದನ್ನು ಸಂಪಾದಿಸಿದವಳು ನಾನೇ.

ಎಂಟರ ಕೆಲಸ ಮಳೆಗಾಲದವರೆಗೂ ನಡೆಯಿತು. ಅವುಗಳಲ್ಲಿ ಆರನೆಯದರ ನೆನಪು ಇನ್ನೂ ಹಸಿಯಾಗಿದೆ. ನೋಡಲು ಎಂಟರಲ್ಲೇ ಚಂದದ್ದು. ತಂತಿ ಕಟ್ಟಿ ಮೀಟಿದರೆ ಒಂದು ಸ್ವರ ಮಾತ್ರ ಒಳಗೆಲ್ಲೋ ತೊದಲುತ್ತಿತ್ತು. ಟೀಚರಿಗಾಗಲಿ ಮಕ್ಕಳಿಗಾಗಲಿ ಅದು ತಿಳಿಯುತ್ತಿತ್ತೋ ಇಲ್ಲವೋ. ಅಪ್ಪ ಅದಕ್ಕೆ ಒಂಬತ್ತು ದಿನ ದುಡಿದಿದ್ದ, ಬೆನ್ನು ನೋವಿಗೆ ಅವ್ವ ಇಟ್ಟಿಗೆ ಕಾಯಿಸಿ ಕಾವು ಕೊಟ್ಟಿದ್ದಳು. ಹ್ಯಾಂಗದ ಎಂದ. ಮಾಡಿನ ಕಡೆ ನೋಡಿದೆ, ನೆಲ ನೋಡಿದೆ. ಆಮೇಲೆ ಅವನ ಮುಖಕ್ಕೆ ಮುಖ ಕೊಟ್ಟು, ಇದು ಆಗಿಲ್ಲ ಅಪ್ಪಾ, ಒಳಗೆ ಎಲ್ಲೋ ಸರೇಸು ಬಿಟ್ಟಿದೆ ಎಂದೆ. ಅವನು ಕೂಡಲೇ ಚಾಕುವನ್ನು ಒಲೆಯಲ್ಲಿ ಕಾಯಿಸಿ, ಸರೇಸು ಕರಗಿಸಿ ಬೆನ್ನು ಬಿಚ್ಚಿದ. ಒಳಗಿನ ಅಡ್ಡಪಟ್ಟಿಯೊಂದು ತುದಿಯಲ್ಲಿ ಕೂದಲೆಳೆಯಷ್ಟು ಎದ್ದಿತ್ತು. ಅದನ್ನು ನನಗೆ ತೋರಿಸಿದ. ಅವನ ಕೈ ನನ್ನ ತಲೆಯ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ಅಪ್ಪ ನನ್ನ ಕಣ್ಣು ಪರೀಕ್ಷಿಸುವುದನ್ನು ಬಿಟ್ಟ.

ಮುಂದೆ ನಾನು ಓದಿ, ಮನ್ನಾಏಖೇಳ್ಳಿಯಲ್ಲಿ ಶಾಲೆಯ ಟೀಚರಾದೆ. ಮಕ್ಕಳಿಗೆ ಮುಖ ತೋರಿಸಿ ಮಾತಾಡುವುದು, ತಪ್ಪನ್ನು ತಪ್ಪೆಂದು ಮೆತ್ತಗೆ ಆದರೆ ಪೂರಾ ಹೇಳುವುದು ನನ್ನ ರೂಢಿಯಾಯಿತು. ಕಟುಮಾತಿನವಳೆಂದು ನನ್ನ ಗಂಡನಿಗೂ ಒಮ್ಮೊಮ್ಮೆ ಅನಿಸಿದೆ. ಕೆಲಸ ಸಿಕ್ಕ ಎರಡನೆಯ ವರ್ಷ ಅಪ್ಪನನ್ನು ಡಾಕ್ಟರರ ಹತ್ತಿರ ಕರೆದೊಯ್ದು ಕಿವಿಗೆ ಮಷೀನು ಹಾಕಿಸಿದೆ. ಬಸವಕಲ್ಯಾಣದ ಮನೆಗೆ ಬಂದು ಅದನ್ನು ಹಾಕಿಕೊಂಡ ಮೊದಲ ದಿನ ಅಪ್ಪ ರೊಟ್ಟಿಯ ಸದ್ದು ಕೇಳಿ ಹೆದರಿದ, ಅವ್ವನ ದನಿ ಕೇಳಿ, ನೀ ಹಿಂಗ ಮಾತಾಡ್ತಿದ್ದೇನು ಎಂದು ನಕ್ಕ. ಆಮೇಲೆ ಅಟ್ಟದಿಂದ ಆ ಮೊದಲ ಮೂರನ್ನು ಇಳಿಸಿದ. ಬೇವನ್ನು ಮೀಟಿದ, ಮಾವನ್ನು ಮೀಟಿದ, ಸಾಗವಾನಿಯನ್ನು ಮೀಟಿದ. ಮತ್ತೆ ಮೊದಲಿನಿಂದ. ಅವನ ಹುಬ್ಬು ಗಂಟಿಕ್ಕಿತು. ಎಷ್ಟೋ ವರ್ಷಗಳಿಂದ ನನ್ನ ಬಾಯಿಂದಲೇ ಕೇಳಿದ್ದನ್ನು ಈಗ ತಾನೇ ಕೇಳುತ್ತಿದ್ದಾನೆಂದು ನಾನೂ ಅವ್ವನೂ ನೋಡುತ್ತ ನಿಂತಿದ್ದೆವು. ಅವನು ಮಷೀನನ್ನು ಕಿವಿಯಿಂದ ತೆಗೆದು, ಮಣೆಯ ಮೇಲೆ ಜೋಪಾನವಾಗಿಟ್ಟ.

"ಇದಕ್ಕ ಎಲ್ಲಾ ತಗಡು ಬಡದಂಗ ಕೇಳಸ್ತದ. ಕಟಗಿ ಯಾವುದು, ತಗಡು ಯಾವುದು ತಿಳಿವಲ್ದು. ನೀ ಹೇಳು."

ಮೂರನ್ನೂ ಮೀಟಿ ಕೇಳಿದೆ. ಬೇವು ಮೊದಲಿನ ಹಾಗೇ ಇತ್ತು. ಸಾಗವಾನಿ ಇಷ್ಟು ವರ್ಷಗಳಲ್ಲಿ ಇನ್ನೂ ತೆರೆದುಕೊಂಡು, ಮೀಟಿದ ಮೇಲೂ ಬಹಳ ಹೊತ್ತು ಕೋಣೆಯಲ್ಲಿ ಉಳಿಯುತ್ತಿತ್ತು. ಮಾವಿನದು, ಎಂಟರ ಕೆಲಸ ತಂದುಕೊಟ್ಟದ್ದು, ಬಿಸಿಲಲ್ಲಿ ಬಿಟ್ಟ ಹಪ್ಪಳದ ಹಾಗೆ ಪರಪರ ಎನ್ನುತ್ತಿತ್ತು. ತಿರುಗಿಸಿ ನೋಡಿದರೆ ಬೆನ್ನಿನಿಂದ ಸಣ್ಣಗೆ ಹಿಟ್ಟು ಉದುರಿತು.

"ಮಾವು ಹೋಗ್ಯಾದ ಅಪ್ಪಾ. ಹುಳ ಹತ್ಯಾವ."

ಅಪ್ಪ ನನ್ನ ಕೈಯಿಂದ ಅದನ್ನು ತೆಗೆದುಕೊಂಡು, ಹಿಟ್ಟನ್ನು ಬೆರಳಲ್ಲಿ ಒರೆಸಿ ನೋಡಿದ. ಬೇಸರವಾಯಿತೋ ಇಲ್ಲವೋ, ತೋರಗೊಡಲಿಲ್ಲ. ಒಂದೊಂದಾಗಿ ನಾಲ್ಕೂ ತಂತಿಗಳನ್ನು ಸಡಿಲಿಸಿದ. ಬೆನ್ನು ಬಿಚ್ಚಬೇಕು, ಚಾಕು ಕಾಯಿಸಿಕೊಂಡು ಬಾ ಎಂದ. ನಾನು ಒಳಗೆ ಹೋಗಿ ಒಲೆಯ ಮುಂದೆ ಕೂತೆ.